ಕದ್ದ ದನಿಯಲ್ಲಿ ಕರೆದ ತೊಟ್ಟಿಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ಮಧ್ಯಾಹ್ನದ ಮಟ್ಟಿಗೆ ನಾನು ಎಪ್ಪತ್ತು ದಾಟಿದ ಹೆಂಗಸಾಗಿದ್ದೆ. ಸೀರೆ ಉಟ್ಟಿರಲಿಲ್ಲ, ಬಳೆ ತೊಟ್ಟಿರಲಿಲ್ಲ. ಬನಿಯನ್, ಲುಂಗಿಯಲ್ಲೇ ಬೇಗಂಪೇಟೆಯ ನಮ್ಮ ಫ್ಲ್ಯಾಟಿನ ಬಚ್ಚಲಮನೆಯೊಳಗೆ ಚಿಲಕ ಹಾಕಿಕೊಂಡು, ಅವ್ವನ ಫೋನನ್ನು ಕಿವಿಗೆ ಒತ್ತಿಕೊಂಡು, ಶಾರದತ್ತಿಯ ದನಿಯಲ್ಲಿ ಊರಿನ ಕನ್ನಡ ಹೆಂಗಸರನ್ನೆಲ್ಲ ಒಂದು ತೊಟ್ಟಿಲ ಕಾರ್ಯಕ್ಕೆ ಕರೆದೆ. ಶಾರದತ್ತಿಗೆ ಅದರ ಸುಳಿವೂ ಇರಲಿಲ್ಲ. ಪೆದ್ದತನ ಅನ್ನುವುದು ನಮ್ಮ ಮನೆತನದಲ್ಲಿ ಆಗಾಗ ಬಂದುಹೋಗುತ್ತದೆ. ನನ್ನ ಪಾಲಿಗೆ ಬಂದಾಗ ಅದು ಹೀಗೆ ಕುಳಿತು ಊಟ ಮಾಡಿಕೊಂಡೇ ಹೋಯಿತು.

ಇವತ್ತು ಬೆಳಿಗ್ಗೆ ಇದೆಲ್ಲ ನೆನಪಾದದ್ದು ಗುಗ್ಗರಿಯ ವಾಸನೆಗೆ. ಸಿಕಂದರಾಬಾದಿನ ಯಾರದೋ ಮನೆಯ ತೊಟ್ಟಿಲಿಗೆಂದು ಅವ್ವ ಕಡಲೆ ಕುದಿಸಿದ್ದಾಳೆ. ಕುಕ್ಕರಿನ ಸೀಟಿಯ ಜೊತೆ ಹೊರಬರುವ ಆ ಹಸಿ ಬೆಚ್ಚನೆಯ ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದರೆ ನನಗೆ ಮೊದಲು ಹಸಿವಾಗುತ್ತದೆ, ಆಮೇಲೆ ಭಯವಾಗುತ್ತದೆ, ಕಡೆಗೆ ನಗು ಬರುತ್ತದೆ. ಈ ಮೂರೂ ಅದೇ ಕ್ರಮದಲ್ಲಿ ಬರುವುದಕ್ಕೆ ಕಾರಣ ಹೇಳುತ್ತೇನೆ, ಕೂತುಕೊಳ್ಳಿ.

ನಾನು ದನಿಗಳ್ಳ. ಚಿಕ್ಕಂದಿನಿಂದ ಇದೇ ಕಸುಬು. ಸ್ಟೇಷನ್ನಿನಲ್ಲಿ ರೈಲು ತಡವೆಂದು ಮೂರು ಭಾಷೆಗಳಲ್ಲಿ ಒಂದೇ ನಿರ್ವಿಕಾರದಿಂದ ಹೇಳುವ ಹೆಂಗಸು, ತೆಲುಗಿನಲ್ಲಿ ಬೈದು ಹಿಂದಿಯಲ್ಲಿ ಸಮಾಧಾನ ಮಾಡುವ ನಮ್ಮ ವಾಚ್‌ಮನ್, 'ನಕ್ಕೋ ಭಾಯ್' ಎಂಬ ಎರಡು ಶಬ್ದದಲ್ಲಿ ಇಡೀ ಜಗತ್ತನ್ನು ತಿರಸ್ಕರಿಸುವ ಆಟೋದವರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನಾನೇ ಅತ್ತ ಅಳುವನ್ನೂ ಮಾಡಿ ತೋರಿಸುತ್ತೇನೆ. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ. ನನ್ನ ಸ್ವಂತ ದನಿ ಯಾವುದೆಂದು ಅವ್ವನಿಗೇ ಅನುಮಾನ.

ಇಂಥವನಿಗೆ ಒಂದು ತೊಂದರೆಯಿದೆ. ಮಾತಿನ ಅರ್ಥ ತಿಳಿಯುವ ಮೊದಲೇ ಅದರ ದನಿ ಅವನಿಗೆ ಬಂದುಬಿಡುತ್ತದೆ. ನಮ್ಮ ಅಜ್ಜಿ ರಾಯಚೂರಿನ ಕಡೆಯ ದೂರದ ಸಂಬಂಧದ ಒಬ್ಬ ಹೆಂಗಸಿನ ಸುದ್ದಿ ಎತ್ತಿದಾಗಲೆಲ್ಲ ದನಿಯನ್ನು ಪಾತ್ರೆಯ ತಳಕ್ಕೆ ಇಳಿಸುತ್ತಿದ್ದಳು. "ಅಕೀ ಮಗಾ..." ಅಂದು ನಿಲ್ಲಿಸಿ, ಕಣ್ಣಿನಲ್ಲೇ ಉಳಿದದ್ದನ್ನು ಹೇಳುತ್ತಿದ್ದಳು. ನಾನು ಆರು ವರ್ಷದವನಿದ್ದಾಗ ಆ ತಗ್ಗಿದ ದನಿಯನ್ನು ತದ್ರೂಪು ಮಾಡಿ ತೋರಿಸಿ ಬೆನ್ನಿಗೆ ಏಟು ತಿಂದಿದ್ದೆ. ಆ ಹುಡುಗ ಲಗ್ನವಿಲ್ಲದೆ ಹುಟ್ಟಿದವನು, ಅವನಿಗೆ ತೊಟ್ಟಿಲು ಕಟ್ಟಲಿಲ್ಲ, ಹೆಸರನ್ನು ಯಾರೂ ಕೂಗಿ ಕರೆಯಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅವನು ದೊಡ್ಡವನಾಗಿ ಎಲ್ಲಿಗೆ ಹೋದನೋ ಇವತ್ತಿಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದನಿ ಮಾತ್ರ ಉಳಿದಿತ್ತು.

ಅದು ಮತ್ತೆ ಕೇಳಿಸಿದ್ದು ವೀಣಕ್ಕನ ವಿಷಯದಲ್ಲಿ. ವೀಣಕ್ಕ ನಮ್ಮ ದೊಡ್ಡವ್ವನ ಮಗಳು, ನಮ್ಮದೇ ಕಟ್ಟಡದಲ್ಲಿ ಒಂದು ಮಹಡಿ ಮೇಲೆ. ದೊಡ್ಡಪ್ಪ ತೀರಿಹೋಗಿ ವರ್ಷಗಳಾಗಿದ್ದವು. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ತೂಗಿ ಒಳಗೆ ಕಳಿಸುವ ಕೌಂಟರಿನ ಕೆಲಸ ಅವಳದು. ಒಂದು ದಿನ ಬಂದು, ತಾನು ಬಸುರಿ, ಕೂಸು ಬೇಕು, ಆ ಮನುಷ್ಯ ಬೇಡ ಎಂದು ದೊಡ್ಡವ್ವನ ಮುಂದೆ ಹೇಳಿ ಚಹಾ ಕುಡಿದಳು. ಅವನು ಓಡಿಹೋದವನೇನಲ್ಲ, ಲಗ್ನ ಆಗೋಣ ಎಂದಿದ್ದನಂತೆ. ಒಲ್ಲೆ ಎಂದವಳು ಇವಳೇ. ದೊಡ್ಡವ್ವನಿಗೆ ಅದೇ ದೊಡ್ಡ ಸಂಕಟ. ಕೈಬಿಟ್ಟು ಹೋಗಿದ್ದರೆ ಮಂದಿಯ ಮುಂದೆ ಅಳಬಹುದಿತ್ತು. ಕೈಬಿಟ್ಟವಳು ಮಗಳೇ ಆದರೆ ಏನಂತ ಅಳುವುದು?

ದೊಡ್ಡವ್ವ ಒಂದು ತಿಂಗಳು ಮಾತು ಬಿಟ್ಟಳು, ಆಮೇಲೆ ಕುಂಚಿಗೆ ಹೊಲಿಯಲು ಕೂತಳು. ಕುಂಚಿಗೆಯೆಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಟೊಪ್ಪಿಗೆ. ನಮ್ಮ ದೊಡ್ಡವ್ವ ತಪ್ಪಾಯಿತೆಂದು ಬಾಯಲ್ಲಿ ಹೇಳುವವಳಲ್ಲ, ಹೊಲಿಯುವವಳು.

ಹೆಣ್ಣುಕೂಸು ಹುಟ್ಟಿತು. ಅಟ್ಟದ ಮೇಲಿದ್ದ ಮರದ ತೊಟ್ಟಿಲನ್ನು ನಾನೇ ಇಳಿಸಿ ಒರೆಸಿದೆ. ಹೆಸರು ಕರೆಯುವ ದಿನ ಗೊತ್ತಾಯಿತು. ದೊಡ್ಡವ್ವ ಒಬ್ಬೊಬ್ಬರಿಗೂ ಫೋನು ಮಾಡಿದಳು. ಒಬ್ಬರಿಗೆ ಮೊಣಕಾಲು ನೋವು, ಒಬ್ಬರ ಮನೆಗೆ ಅತಿಥಿಗಳು, ಉಳಿದವರೆಲ್ಲ "ನೋಡೂಣ್ರಿ" ಅಂದರು. ನಮ್ಮ ಕಡೆ ನೋಡೋಣ ಎಂದವರು ಆ ದಿನ ಬೇರೆ ಕಡೆಗೇ ನೋಡುತ್ತಿರುತ್ತಾರೆ. ನೆರೆಯ ಮಾಲತಿ ಕಾಕು ಒಬ್ಬರೇ ಪ್ರಾಮಾಣಿಕರು. ಶಾರದಕ್ಕ ಏನಂತಾರೋ ತಿಳಿಯದೆ ತಾನು ಹೇಗೆ ಬರಲಿ ಎಂದು ನೇರವಾಗಿ ಕೇಳಿಬಿಟ್ಟರು.

ಶಾರದತ್ತಿ ಯಾರೆಂದು ಹೇಳಬೇಕು. ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಲಗ್ನವಾಗದೆ ಉಳಿದವರು, ನಾಲ್ಕು ಜನ ಅಣ್ಣತಮ್ಮಂದಿರ ನಡುವೆ ಹುಟ್ಟಿದ ಒಬ್ಬರೇ ಹೆಣ್ಣುಮಗಳು. ಆ ಮನೆಗಳ ಮಕ್ಕಳು ಕರೆದಂತೆ ನಾವು ಹುಡುಗರೂ ಅತ್ತಿ ಅನ್ನುತ್ತೇವೆ. ಯಾವ ಶುಭಕಾರ್ಯಕ್ಕೂ ಅವರು ಬಂದು ಕುರ್ಚಿಯಲ್ಲಿ ಕೂತರೆ ಅದು ನಡೆದಂತೆ. ಬರದಿದ್ದರೆ ಊಟಕ್ಕೂ ಉಪ್ಪು ಹತ್ತುವುದಿಲ್ಲ. ವೀಣಕ್ಕನ ವಿಷಯದಲ್ಲಿ ಅವರು ಅಷ್ಟು ತಿಂಗಳೂ ಒಂದು ಮಾತಾಡಿರಲಿಲ್ಲ. ಆ ಮೌನವನ್ನೇ ಎಲ್ಲರೂ ತೀರ್ಪೆಂದು ಓದಿಕೊಂಡಿದ್ದರು. ಹೆದರಿಕೆಗೆ ದೊಡ್ಡವ್ವ ಅವರೊಬ್ಬರಿಗೆ ಫೋನೇ ಮಾಡಿರಲಿಲ್ಲ.

ತೊಟ್ಟಿಲನ್ನು ತಿರುಗಿ ಅಟ್ಟಕ್ಕೇರಿಸು ಎಂದಳು ದೊಡ್ಡವ್ವ. ಹೆಸರಿಡುವುದು ನಾಲ್ಕು ಗೋಡೆಯ ನಡುವೆ ನಡೆದರೂ ಆಯಿತಲ್ಲ ಎಂದು ನಾನೂ ದೊಡ್ಡಮನುಷ್ಯನಂತೆ ಸಮಾಧಾನ ಹೇಳಲು ಹೋದೆ. ವೀಣಕ್ಕ ಕೂಸಿನ ಕಾಲು ಒತ್ತುತ್ತ, ತಲೆ ಎತ್ತದೆ ಅಂದಳು:

"ಹೆಸರು ನಾನ ಇಡ್ತೀನೋ, ಅದೇನ ದೊಡ್ಡದಲ್ಲ. ಕರಿಯೋರು ಬೇಕಲ್ಲ. ಇಕಿ ಜೋಡಿ ಮಂದಿ ಸಣ್ಣ ದನೀಲೆ ಮಾತಾಡೂದು ಬ್ಯಾಡ ನನಗ."

ವಿಮಾನ ನಿಲ್ದಾಣದಲ್ಲಿ ಎಂಥ ಸಿಟ್ಟಿನ ಪ್ರಯಾಣಿಕನಿಗೂ ಜಗ್ಗದ ಹೆಂಗಸು ಅವಳು. ಅವಳ ದನಿ ಆ ಕೊನೆಯ ಮಾತಿಗೆ ಬಂದಾಗ ಸ್ವಲ್ಪ ಒಡೆಯಿತು. ಅದನ್ನು ಮಾತ್ರ ನಾನು ಎಂದೂ ಅನುಕರಿಸಿಲ್ಲ. ಆ ಒಡಕನ್ನು ಕೇಳಿಸಿಕೊಂಡವನು ಕೆಳಗಿಳಿದು ಬಂದು ಅವ್ವನ ಫೋನು ಎತ್ತಿಕೊಂಡು ಬಚ್ಚಲಮನೆ ಸೇರಿದೆ.

ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳುತ್ತೀರಿ. ಶಾರದತ್ತಿಗೊಂದು ಫೋನಿದೆ, ಅದು ಯಾವಾಗಲೂ ಕಪಾಟಿನಲ್ಲಿ, ಕೈವಸ್ತ್ರದಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಅವರು ಮಾತಾಡುವುದೆಲ್ಲ ಎದುರಿಗಿದ್ದವರ ಫೋನಿನಿಂದ. ಹಾಗಾಗಿ ಯಾರ ನಂಬರಿನಿಂದ ಅವರ ದನಿ ಬಂದರೂ ಊರಿಗೆ ಅದು ಸಹಜ. ಆ ದನಿಯಾದರೂ ಎಂಥದು! ಮೊದಲೊಂದು ಕೆಮ್ಮು, ಆಮೇಲೆ ಕಡತ ತೆರೆದಂತೆ ಒಂದು ವಿರಾಮ, ಆಮೇಲೆ ಅಪ್ಪಣೆ. ಒಬ್ಬೊಬ್ಬರಿಗೂ ಕೆಮ್ಮಿದೆ. ಮೊಣಕಾಲು ನೋವು ವಾಸಿಯಾಯಿತು, ಅತಿಥಿಗಳು ಊರಿಗೆ ಹೋದರು. ಮಾಲತಿ ಕಾಕು ಮಾತ್ರ, ನೀವೂ ಬರುತ್ತೀರೇನು ಎಂದು ಖಾತ್ರಿ ಮಾಡಿಕೊಳ್ಳಲು ಕೇಳಿದರು. ನಾನು ಇನ್ನೊಮ್ಮೆ ಕೆಮ್ಮಿ, "ನಾನಿಲ್ಲದ ಈ ಊರಾಗ ಯಾವ ತೊಟ್ಟಲ ತೂಗೇತಿ, ಮಾಲತಿ?" ಅಂದೆ.

ಸಂಜೆ ವೀಣಕ್ಕನ ಮುಂದೆ ಎಲ್ಲ ಒದರಿಬಿಟ್ಟೆ. ಅವಳು ನನ್ನ ಕಿವಿ ಹಿಡಿದು ತಿರುವಿದಳು. ತಿರುವುತ್ತಲೇ, ಮಾಲತಿ ಕಾಕುಗೆ ಏನಂದೆ, ಇನ್ನೊಮ್ಮೆ ಹೇಳು ಎಂದಳು.

ಆ ದಿನ ಬಂತು. ಹಾಲ್ ತುಂಬಿತು. ಇಳಕಲ್ಲು ಸೀರೆಗಳು, ಮಲ್ಲಿಗೆ, ಗುಗ್ಗರಿಯ ಬಟ್ಟಲುಗಳು. ಬಂದವರೆಲ್ಲ ಒಳಗೆ ಕಾಲಿಡುತ್ತಲೇ ಮೊದಲು ಕೇಳುತ್ತಿದ್ದದ್ದು ಒಂದೇ: ಶಾರದಕ್ಕ ಬಂದರೇನು? ಬರುತ್ತಾರೆ, ಬರುತ್ತಾರೆ ಎಂದು ನಾನು ನೀರು ಹಂಚುತ್ತ ಹೇಳುತ್ತಿದ್ದೆ. ನಿಜ ಬಯಲಾದರೆ ಇವರೆಲ್ಲ ಒಟ್ಟಿಗೆ ಎದ್ದು ಹೋಗುತ್ತಾರೆ. ಬರದೆ ಇರುವುದು ಬೇರೆ, ಬಂದು ಎದ್ದುಹೋಗುವುದು ಬೇರೆ. ಎರಡನೆಯದನ್ನು ಆ ಕೂಸಿನ ಪಾಲಿಗೆ ತಂದವನು ನಾನಾಗಿದ್ದೆ.

ಲಿಫ್ಟ್ ತೆರೆದು ಹೊರಬಂದವರು ಶಾರದತ್ತಿ.

ಹೊಸ್ತಿಲ ಹೊರಗೇ ನಿಂತರು. ಒಳಗೆ ಬರಲಿಲ್ಲ. ಹಿಂದಿನ ದಿನ ತರಕಾರಿ ಬಂಡಿಯ ಹತ್ತಿರ ಮಾಲತಿ ಕಾಕು ಸಿಕ್ಕು, ನಾಳೆ ಎಷ್ಟಕ್ಕೆ ಹೊರಡೋಣ ಎಂದು ಕೇಳಿದ್ದರಂತೆ. ಅತ್ತಿ ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ, ಬದನೆಕಾಯಿ ಆರಿಸುತ್ತ ಎಲ್ಲ ಕೇಳಿಕೊಂಡರಂತೆ. ಊರಿಗೆ ದನಿಗಳ್ಳ ನಾನೊಬ್ಬನೇ ಎಂದು ಅವರಿಗೆ ಗೊತ್ತು, ಈಗ ನನ್ನನ್ನು ಬೆರಳಿನಿಂದ ಕರೆದರು. ನನಗೆ ಮಾತ್ರ ಕೇಳುವಂತೆ ಹೇಳಿದರು:

"ಊರ ಮಂದೀನೆಲ್ಲಾ ನಾನ ಕರದೀನಂತ. ನನ್ನ ಕರಿಯೂದೊಂದು ಮರತಿ ನೋಡು."

ಆಗ ಹೊಳೆಯಿತು. ಕುಂಕುಮ ಹಚ್ಚಿ ಕರೆಯದ ಮನೆಗೆ ಆ ವಯಸ್ಸಿನವರು ಹೋಗುವುದಿಲ್ಲ. ಅಷ್ಟು ತಿಂಗಳ ಅವರ ಮೌನ ತೀರ್ಪಾಗಿರಲಿಲ್ಲ, ಕಾಯುವಿಕೆಯಾಗಿತ್ತು. ನಾವು ಅವರಿಗೆ ಹೆದರಿ ಕರೆಯಲಿಲ್ಲ, ನಾವು ಕರೆಯಲಿಲ್ಲವೆಂದು ಅವರು ಬರಲಿಲ್ಲ. ಮರ್ಯಾದೆಗೆ ಹೆಸರಾದ ನಮ್ಮಂಥ ಮಂದಿ ಮಾತ್ರ ಮಾಡಬಹುದಾದ ತಪ್ಪು ಇದು. ದೊಡ್ಡವ್ವ ಕುಂಕುಮದ ಭರಣಿ ಹಿಡಿದು ಓಡಿಬಂದಳು. ಆ ಅವಸರಕ್ಕೆ ಅತ್ತಿಯ ಹಣೆಯ ಬೊಟ್ಟು ಹುಬ್ಬಿನ ಮೇಲೆ ಕೂತಿತು. ಅವರು ಅದನ್ನು ಒರೆಸಿಕೊಳ್ಳದೆ ಒಳಗೆ ಬಂದರು.

ತೊಟ್ಟಿಲ ಕಾರ್ಯ ಶುರುವಾಯಿತು. ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ, ಅದಕ್ಕೂ ಜೋಗುಳ. ಆ ಕಲ್ಲಿಗೆ ಅಪ್ಪ ಯಾರೆಂದು ಈವರೆಗೆ ಒಬ್ಬರೂ ಕೇಳಿಲ್ಲ. ಆಮೇಲೆ ಕೂಸನ್ನು ತೊಟ್ಟಿಲ ಮೇಲಿನಿಂದ ಒಬ್ಬರು ಕೊಟ್ಟು, ಕೆಳಗಿನಿಂದ ಒಬ್ಬರು ತೆಗೆದುಕೊಂಡು, ಕೈಯಿಂದ ಕೈಗೆ ದಾಟಿಸಿದರು. ಮೊದಮೊದಲು ಕೈಗಳು ಅಳುಕುತ್ತಿದ್ದವು. ಆದರೆ ಕೂಸು ಬೆಚ್ಚಗಿತ್ತು, ಹಾಲಿನ ವಾಸನೆಯಿತ್ತು, ಮೇಲಾಗಿ ಎರಡನೆಯ ಸುತ್ತಿನಲ್ಲಿ ಒಬ್ಬರ ಸೀರೆ ನೆನೆಸಿಬಿಟ್ಟಿತು. ನಗೆ ಎದ್ದಿತು.

ಉಳಿದದ್ದು ಹೆಸರು ಕರೆಯುವುದು. ಅದು ಸೋದರತ್ತೆಯ ಹಕ್ಕು, ಅಂದರೆ ಅಪ್ಪನ ಅಕ್ಕತಂಗಿಯರದು. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬಿದ್ದರೇ ಹೆಸರು ನಿಂತಂತೆ. ಈಗ ಸೋದರತ್ತೆ ಎಲ್ಲಿಂದ ಬರಬೇಕು? ಹಿಂದಿನಿಂದ ಯಾರೋ ಅದೇ ತಗ್ಗಿದ ದನಿಯಲ್ಲಿ ಏನೋ ಅಂದರು. ರಾಯಚೂರಿನ ಆ ಹುಡುಗನ ಸುದ್ದಿಗೆ ನನ್ನ ಅಜ್ಜಿ ಇಳಿಸುತ್ತಿದ್ದ ದನಿಯೇ ಅದು. ವೀಣಕ್ಕ ತೊಟ್ಟಿಲ ಸರಪಳಿಯನ್ನು ಹಿಡಿದುಕೊಂಡಳು.

ಶಾರದತ್ತಿ ಸೆರಗು ಸಿಕ್ಕಿಸಿಕೊಂಡು ಕುರ್ಚಿಯಿಂದ ಎದ್ದರು, ಹೆಸರೇನೆಂದು ವೀಣಕ್ಕನನ್ನು ಕೇಳಿಕೊಂಡರು. ಬಗ್ಗಿದರು. ಕೂಸಿನ ಕಿವಿಯಲ್ಲಿ ಕುರ್ರ್ ಎಂದರು. "ಇಳಾ" ಎಂದರು, ಇಡೀ ಕಟ್ಟಡಕ್ಕೆ ಕೇಳುವಂತೆ. ಹೇಳಿ, ಬೆನ್ನು ಬಗ್ಗಿಸಿಕೊಂಡೇ ನಿಂತರು, ಗುದ್ದಿಗೆ ಕಾಯುತ್ತ. ಯಾರ ಕೈಯೂ ಏಳಲಿಲ್ಲ. ಹತ್ತಿರವೇ ಇದ್ದ ಮಾಲತಿ ಕಾಕು, ಕೆಟ್ಟತನಕ್ಕಲ್ಲ, ಶಾಸ್ತ್ರ ತಪ್ಪೀತೆಂಬ ಖರೇ ಕಳವಳಕ್ಕೆ, ಕೇಳಿಬಿಟ್ಟರು:

"ಶಾರದಕ್ಕ, ತಪ್ಪು ತಿಳೀಬ್ಯಾಡ್ರಿ. ನೀವು ಈ ಕೂಸಿನ ಅಪ್ಪಗ ಏನಾಗಬೇಕ್ರಿ?"

ಅತ್ತಿಯ ಉತ್ತರವನ್ನು ನಿಮಗೆ ಹೇಳುವ ಮೊದಲು ಒಂದು ನಿಮಿಷ. ಎಲ್ಲರೂ ಬದಲಾದರೆಂದು ನಾನು ಹೇಳಿದರೆ ನಂಬಬೇಡಿ. ಆ ದಿನ ಬರದೆ ಉಳಿದ ಎರಡು ಮನೆಗಳವರು ಇಂದಿಗೂ ವೀಣಕ್ಕನನ್ನು ಕಂಡರೆ ಫೋನು ನೋಡಿಕೊಳ್ಳುತ್ತಾರೆ. ಆದರೆ ಇಳಾ ಈಗ ಶಾಲೆಗೆ ಹೋಗುತ್ತಾಳೆ. ವೀಣಕ್ಕನಿಗೆ ಬೆಳಗಿನ ಪಾಳಿಯಿದ್ದರೆ ಅವಳನ್ನು ಬಸ್ಸಿಗೆ ಹತ್ತಿಸುವವರು ಮಾಲತಿ ಕಾಕು. ಜಡೆ ಅವರೇ ಹಾಕಬೇಕು, ದೊಡ್ಡವ್ವ ಹಾಕಿದರೆ ಆ ರಾಣಿಗೆ ಸೇರುವುದಿಲ್ಲ. ಯಾರಾದರೂ ಇವಳ ತಂದೆ ಏನು ಮಾಡುತ್ತಾರೆ ಎಂದರೆ, ಇವಳ ತಾಯಿ ಶಂಶಾಬಾದಿನಲ್ಲಿದ್ದಾಳೆ ಎಂದು ಕಾಕು ಎಂದಿನ ದನಿಯಲ್ಲೇ ಹೇಳಿ ಮುಂದೆ ನಡೆಯುತ್ತಾರೆ. ಮೊನ್ನೆ ಅಜ್ಜಿಯ ಆ ತಗ್ಗಿದ ದನಿಯನ್ನು ಮಾಡಿ ನೋಡೋಣವೆಂದು ಒಬ್ಬನೇ ಕೂತು ಪ್ರಯತ್ನಿಸಿದೆ. ಬರಲಿಲ್ಲ. ಕೇಳಿ ಬಹಳ ದಿನವಾಗಿದೆ. ನನ್ನಂಥ ಕಳ್ಳನಿಗೂ ಕದಿಯಲು ಎದುರಿಗೆ ಸರಕು ಬೇಕು. ಕಸುಬಿನಲ್ಲಿ ಒಂದು ದನಿ ಕಳೆದುಹೋದದ್ದಕ್ಕೆ ಇಷ್ಟು ಸಂತೋಷಪಟ್ಟ ಮಿಮಿಕ್ರಿಯವನು ಬೇರೆ ಇರಲಾರ. ಅದಕ್ಕೆ ಕೈಮುಗಿಯಬೇಕಾದದ್ದು ಆ ದಿನ ಬಗ್ಗಿಯೇ ನಿಂತಿದ್ದ ಒಂದು ಬೆನ್ನಿಗೆ.

ಶಾರದತ್ತಿ ತಲೆ ಎತ್ತಲಿಲ್ಲ. ಕೆಮ್ಮಲೂ ಇಲ್ಲ. ಬಗ್ಗಿದ್ದಲ್ಲಿಂದಲೇ, ತೊಟ್ಟಿಲ ಒಳಗಿನ ಕೂಸಿಗೆ ಹೇಳುವಂತೆ ಅಂದರು:

"ಬೆನ್ನು ನಂದು, ಗುದ್ದು ತಿನ್ನಾಕಿ ನಾನು. ನಿನಗ ಗುದ್ದೂದೈತೋ ಇಲ್ಲೋ ಅಷ್ಟ ಹೇಳು ಮಾಲತಿ, ಇಲ್ಲಾಂದ್ರ ಸರದ ನಿಂದ್ರು, ಹಿಂದ ಭಾಳ ಮಂದಿ ಕಾಯಾಕತ್ತಾರ."