ಕಾರ್ಮಿಣ್ ಬಾಯಿಯೂ ನನ್ನ ಚಿಂತೆಗಳೂ

ಬಸ್ಸು ಹೊರಡುವುದಕ್ಕೆ ಒಂದು ತಾಸು ಮೊದಲೇ ನಿಲ್ದಾಣಕ್ಕೆ ಹೋಗಿ ಕೂರುವವರದೊಂದು ಪಂಗಡವಿದೆ. ನಾನು ಅದರ ಆಜೀವ ಸದಸ್ಯ. ಸಾಗರದಿಂದ ಹೊಸನಗರದ ಮೇಲೆ ನನ್ನ ಹುಟ್ಟೂರಾದ ತೀರ್ಥಹಳ್ಳಿಗೆ ಹೋಗಬೇಕಾದಾಗಲೆಲ್ಲ ಮೊದಲು ಬಸ್ಸು ತಪ್ಪೀತೆಂಬ ಚಿಂತೆ. ಸಿಕ್ಕಿದ ಮೇಲೆ ಅದು ಬೇರೆ ಊರಿನ ಬಸ್ಸಾಗಿದ್ದೀತೆಂಬ ಚಿಂತೆ. ಕಂಡಕ್ಟರು ಆಣೆ ಹಾಕಿ ಹೇಳಿದ ಮೇಲೆ, ಟಾಪಿಗೆ ಏರಿಸಿದ ಟ್ರಂಕು ಯಾವುದಾದರೂ ತಿರುವಿನಲ್ಲಿ ಉರುಳಿ ಹಳ್ಳ ಸೇರೀತೆಂಬ ಚಿಂತೆ. ಚಿತೆಗೂ ಚಿಂತೆಗೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂದು ಪ್ರಾಜ್ಞರು ಹೇಳುತ್ತಾರಲ್ಲ, ನಾನು ಆ ಸೊನ್ನೆಯೊಳಗೇ ಬಿಡಾರ ಹೂಡಿದವನು. "ನಿಮ್ಮ ಚಿಂತೆಗೆ ಒಂದು ದಿನ ರಜೆ ಕೊಟ್ರೆ, ಅದು ಎಲ್ಲಿಗೆ ಹೋಯ್ತೋ ಅಂತ ಚಿಂತೆ ಮಾಡ್ತೀರಿ" ಎಂದು ನನ್ನ ಹೆಂಡತಿ ಸಾವಿತ್ರಿ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಅತಿಶಯೋಕ್ತಿ ಇರಲಿಲ್ಲ.

ಇಂಥ ನನ್ನ ಪಕ್ಕದ ಮನೆಗೆ ಕಾರ್ಮಿಣ್ ಬಾಯಿ ಬಂದು ಸೇರಿದ್ದನ್ನು ವಿಧಿಯ ವಿನೋದವೆನ್ನಬೇಕು. ನಾನಾಗ ಸಾಗರದ ಶಾಲೆಯೊಂದರಲ್ಲಿ ಮೇಷ್ಟ್ರು. ಶರಾವತಿಗೆ ಅಣೆಕಟ್ಟು ಕಟ್ಟಿ, ಹಿನ್ನೀರು ಊರೂರನ್ನೇ ನುಂಗುತ್ತಿದ್ದ ಕಾಲ. ಹೊಳೆಬಾಗಿಲಿನ ಕಡೆಯ ಒಂದು ಹಳ್ಳಿಯಲ್ಲಿ ಕೆಲವೇ ಕ್ರೈಸ್ತ ಮನೆಗಳೂ ಹಂಚು ಹೊದಿಸಿದ ಪುಟ್ಟ ಇಗರ್ಜಿಯೂ ಇದ್ದವಂತೆ. ಆ ಹಳ್ಳಿ ಮುಳುಗಿದಾಗ ಕಾರ್ಮಿಣ್ ಬಾಯಿಯೂ ಆಕೆಯ ಗಂಡ ಪಾಸ್ಕಲನೂ ಸಾಗರಕ್ಕೆ ಬಂದು, ನಮ್ಮ ಬೇಲಿಯಾಚೆಯ ಮನೆಯಲ್ಲಿ ಬ್ರೆಡ್ಡು ಬನ್ನಿನ ಭಟ್ಟಿ ಹಾಕಿದರು. ಊರವರ ಬಾಯಲ್ಲಿ ಆಕೆ ಬಾಯಮ್ಮ ಆದಳು.

ಬಾಯಮ್ಮ ಎತ್ತರದ ಹೆಂಗಸು. ಮೊಣಕೈವರೆಗೂ ಮೈದಾ ಹಿಟ್ಟು. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಪುಟ್ಟ ಶಿಲುಬೆ. ಸೌದೆ ಹಸಿಯಾಗಿ ಭಟ್ಟಿ ಕಾಯದಿದ್ದರೂ, ಮಳೆಗೆ ಗಿರಾಕಿಗಳು ಬಾರದೆ ಬನ್ನು ಉಳಿದರೂ ಆಕೆಯದು ಒಂದೇ ಮಾತು: "ದೇವ್ರು ನೋಡ್ಕೊಳ್ತಾನೆ, ಬಿಡಿ." ನನಗೆ ಆ ಮಾತು ಕೇಳಿ ಮೆಚ್ಚುಗೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಗುತ್ತಿತ್ತು. ಕೆಲವರಿಗೆ ನೆಗಡಿಯಾಗುವುದೇ ಇಲ್ಲ. ಹಾಗೆಯೇ ಈಕೆಗೆ ಚಿಂತೆ ತಗಲುವುದಿಲ್ಲ, ಅದು ದೇಹಪ್ರಕೃತಿಯೇ ಹೊರತು ದೈವಭಕ್ತಿಯಲ್ಲ ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ತೀರ್ಮಾನಿಸುವುದರಲ್ಲಿ ಮೇಷ್ಟ್ರುಗಳು ಯಾವತ್ತೂ ಹಿಂದೆ ಬಿದ್ದವರಲ್ಲ.

ಒಂದು ಸಂಜೆ ಬನ್ನು ಕೊಳ್ಳಲು ಹೋದವನು ಇದೇ ಸಿದ್ಧಾಂತವನ್ನು ಪಾಸ್ಕಲನ ಮುಂದೆ ಮಂಡಿಸಿದೆ. "ನಿಮ್ಮ ಮನೆಯವರು ಪುಣ್ಯವಂತರು ಮಾರಾಯ್ರೆ. ಹುಟ್ಟಿನಿಂದಲೇ ಚಿಂತೆ ಇಲ್ಲ."

ಪಾಸ್ಕಲ್ ಬನ್ನು ಕಟ್ಟುವುದನ್ನು ನಿಲ್ಲಿಸಿದ. "ಅವಳಿಗಾ? ಅವಳಷ್ಟು ಹೆದರ್ಕೆಯವಳು ನಮ್ಮ ಕಡೆ ಯಾರೂ ಇರ್ಲಿಲ್ಲ ಮೇಷ್ಟ್ರೆ."

ಆಮೇಲೆ ಅವನು ದನಿ ತಗ್ಗಿಸಿ ಹೇಳಿದ ಸಂಗತಿ ಇದು. ಅವರಿಗೆ ಎಲಿಜಾ ಎಂಬ ಮಗಳಿದ್ದಳು. ನಾಲ್ಕು ವರ್ಷದ ಕೂಸು ಜ್ವರ ಬಂದು ತೀರಿಕೊಂಡಿತು; ಇಗರ್ಜಿಯ ಹಿಂದೆ ಮಣ್ಣು ಮಾಡಿದರು. ಆ ವರ್ಷ ಮಳೆ ಹಿಡಿದಾಗ ಬಾಯಮ್ಮ, ಮಗು ನೆನೆಯುತ್ತದೆಂದು ಕೊಡೆ ಬಿಚ್ಚಿಕೊಂಡು ಗೋರಿಯ ಪಕ್ಕದಲ್ಲಿ ನಿಲ್ಲುತ್ತಿದ್ದಳಂತೆ. ಕರೆದರೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಊರೇ ಮುಳುಗುತ್ತದೆಂದು ಸುದ್ದಿ ಬಂತು. ಕೆಲವರು ತಮ್ಮವರ ಮೂಳೆಗಳನ್ನು ತೆಗೆದು ಬೇರೆ ಕಡೆಗೆ ಒಯ್ದರು. ಇವಳಿಂದ ಮಗುವಿನ ಮೇಲಿನ ಮಣ್ಣು ಮುಟ್ಟಲಾಗಲಿಲ್ಲ. ಬಿಟ್ಟು ಹೋಗಲೂ ಆಗಲಿಲ್ಲ. ನೀರಿನಡಿಯಲ್ಲಿ ಮಗುವಿಗೆ ಚಳಿಯಾಗುತ್ತದೆಂದು ಊಟ ಬಿಟ್ಟು ಕೂತಳು.

"ಮತ್ತೆ?" ಎಂದೆ.

"ಒಂದಿನ ಬೆಳಿಗ್ಗೆ ಇಗರ್ಜಿಲಿ ಒಬ್ಳೇ ಮೊಣಕಾಲೂರಿ ಕೂತಿದ್ಲು. ಸುಮಾರು ಹೊತ್ತಾದ್ಮೇಲೆ ಹೊರಗೆ ಬಂದು ಕೊಡೆ ಮಡಚಿ ನನ್ನ ಕೈಗೆ ಕೊಟ್ಲು. 'ಮಗೂನ ಅವನ ಕೈಗೆ ಕೊಟ್ಟು ಬಂದೆ, ಇನ್ನು ಹೋಗುವ' ಅಂದ್ಲು. ಅಷ್ಟೇ. ಆದ್ರೆ ಈಗ್ಲೂ ದಿನಾ ಬೆಳಿಗ್ಗೆ ಮಗೂನ ಮತ್ತೆ ದೇವ್ರ ಕೈಗೆ ಕೊಡ್ತಾಳೆ ಮೇಷ್ಟ್ರೆ. ಒಂದ್ಸಲ ಕೊಟ್ರೆ ಮುಗಿಯೋದಲ್ಲ ಅದು."

ಬನ್ನಿನ ಪೊಟ್ಟಣ ಹಿಡಿದುಕೊಂಡು ಮನೆಗೆ ಬರುವಾಗ ನನ್ನ ಸಿದ್ಧಾಂತ ಭಟ್ಟಿಯ ಬೂದಿಯಾಗಿತ್ತು.

ಅದೇ ವರ್ಷ ಮಳೆಗಾಲದ ಕೊನೆಯಲ್ಲಿ ನನ್ನ ಮಗಳು ಸುಮಾಗೆ ವಿಷಮಶೀತ ಜ್ವರ ಬಂತು. ಅವಳಿಗೂ ನಾಲ್ಕು ವರ್ಷ. ಡಾಕ್ಟರು ಬಂದು ನೋಡಿ, "ಔಷಧಿ ಕೊಟ್ಟಾಗಿದೆ, ಇನ್ನು ಕಾಯಬೇಕು" ಎಂದರು. ಬಸ್ಸಿಗೆ ಕಾದು ಪಳಗಿದವನಿಗೂ ಈ ಕಾಯುವಿಕೆ ಗೊತ್ತಿರಲಿಲ್ಲ. ಅಲ್ಲಿಯತನಕ ನಾನು ಪಟ್ಟ ಚಿಂತೆಗಳೆಲ್ಲ ಬರೀ ತಾಲೀಮು ಎಂದು ಆಗ ತಿಳಿಯಿತು. ತಾಲೀಮಿನಿಂದ ಒಂದಿಷ್ಟೂ ಪ್ರಯೋಜನವಾಗಿಲ್ಲವೆಂಬುದೂ ಜೊತೆಗೇ ತಿಳಿಯಿತು. ಸಾವಿತ್ರಿ ನಿದ್ದೆಗೆಟ್ಟು ಸೊರಗಿದಳು. ನಾನು ಜಗಲಿಯಿಂದ ಒಳಕ್ಕೆ, ಒಳಗಿನಿಂದ ಜಗಲಿಗೆ ನಡೆದು ನೆಲ ಸವೆಸಿದೆ.

ಒಂದು ಮಧ್ಯಾಹ್ನ ಬಾಯಮ್ಮ ಬಂದಳು. ಕೋಣೆಯ ಹೊಸ್ತಿಲಲ್ಲಿ ನಿಂತವಳಿಗೆ ಹಾಸಿಗೆಯ ಮೇಲಿದ್ದ ಸಣ್ಣ ಮೈ ಕಂಡಿತು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಂದಿರುಗಿ ಹೋಗುತ್ತಾಳೆಂದುಕೊಂಡೆ, ಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆಕೆ ಕಣ್ಣು ಮುಚ್ಚಿ, ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಬಂದಳು. "ನೀವು ಸ್ವಲ್ಪ ಮಲಗಿ ಸಾವಿತ್ರಮ್ಮ" ಎಂದು ಒದ್ದೆಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಪ್ರತಿ ಮಧ್ಯಾಹ್ನವೂ, ಭಟ್ಟಿಯ ಕೆಲಸ ಮುಗಿಸಿ ಬಂದು ಕೂರುತ್ತಿದ್ದಳು.

ಜ್ವರ ತೀರ ಏರಿದ ದಿನ ನನಗೆ ತಡೆಯಲಾಗಲಿಲ್ಲ. "ಬಾಯಮ್ಮ, ಏನಾಗ್ತದೆ ಹೇಳಿ" ಎಂದು ಕೇಳಿದೆ. ಎಲ್ಲ ಸರಿಯಾಗುತ್ತದೆ ಎಂಬ ಸುಳ್ಳಾದರೂ ಬೇಕಾಗಿತ್ತು.

"ಏನಾಗ್ತದೆ ಅಂತ ನಂಗೂ ಗೊತ್ತಿಲ್ಲ ಮೇಷ್ಟ್ರೆ. ಯಾರ ಕೈಲಿದೆ ಅಂತ ಮಾತ್ರ ಗೊತ್ತು."

"ಆದ್ರೆ ನಿಮ್ಮ ಮಗು..." ಎಂದುಬಿಟ್ಟೆ. ಆಡಿದ ಮಾತನ್ನು ನುಂಗಲಾಗಲಿಲ್ಲ.

ಆಕೆ ಬಟ್ಟೆ ಹಿಂಡಿದಳು. "ಹೌದು. ನಾ ಕೇಳಿದ್ದು ಅವನು ಕೊಡ್ಲಿಲ್ಲ. ಸಿಟ್ಟು ಬಂದಿತ್ತು, ಬೈದೆ ಕೂಡ. ಆದ್ರೂ ಅವನು ನನ್ನ ಬಿಟ್ಟು ಹೋಗ್ಲಿಲ್ಲ ನೋಡಿ. ನಾಳೆದು ನಾಳೆ ನೋಡುವ. ಇವತ್ತಿನ ಜ್ವರಕ್ಕೆ ಇವತ್ತಿನ ನೀರು ತನ್ನಿ, ಇದು ಬೆಚ್ಚಗಾಯ್ತು."

ನಾನು ನೀರು ತಂದೆ. ಎಷ್ಟೋ ದಿನಗಳ ಮೇಲೆ ನನ್ನ ಕಾಲಿಗೆ ಒಂದು ಗುರಿ ಸಿಕ್ಕಿತ್ತು. ವಿಶ್ವಾಸವೆಂದರೆ ಫಲಿತಾಂಶವನ್ನು ಮುಂಚಿತವಾಗಿ ಬಲ್ಲ ಜಾಣತನವೆಂದು ನಾನು ತಿಳಿದಿದ್ದೆ; ಫಲಿತಾಂಶ ಗೊತ್ತಿಲ್ಲದೆಯೂ ಹೊಸ್ತಿಲು ದಾಟುವ ಧೈರ್ಯ ಅದೆಂದು ಬಾಯಮ್ಮ ತೋರಿಸಿದಳು.

ಜ್ವರ ಇಳಿಯಿತು. ಸುಮಾ ಬೆವರಿ, ಎದ್ದು, ಬನ್ನು ಬೇಕೆಂದು ಹಟ ಹಿಡಿದಳು. ಸುದ್ದಿ ಕೇಳಿ ಬಾಯಮ್ಮ ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಸಾವಿತ್ರಿ ಹೋಗಿ ಪಕ್ಕದಲ್ಲಿ ಕೂತಳು. ಅತ್ತು ಮುಗಿದ ಮೇಲೆ ಬಾಯಮ್ಮ, "ನಂಗೊಂದ್ಸಲ ಆ ನೀರು ನೋಡ್ಬೇಕು ಸಾವಿತ್ರಮ್ಮ. ಬಂದ್ಮೇಲೆ ಆ ಕಡೆ ಹೋಗೇ ಇಲ್ಲ" ಎಂದಳಂತೆ.

ಸುಮಾ ಚೇತರಿಸಿಕೊಂಡ ಮೇಲೆ, ಬಿಸಿಲು ಬಿದ್ದ ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಬಂದ ಬಾಯಮ್ಮ, ಪಾಸ್ಕಲರ ಜೊತೆ ನಾವೂ ಹೊಳೆಬಾಗಿಲಿಗೆ ಹೋದೆವು. ಪಾಸ್ಕಲ್ ದೋಣಿ ಗೊತ್ತುಮಾಡಿದ. ದೋಣಿಯ ತಳದಲ್ಲಿ ಜಿನುಗುತ್ತಿದ್ದ ನೀರನ್ನೂ ಅಂಬಿಗನ ಆಕಳಿಕೆಯನ್ನೂ ನಾನು ಯಥಾಪ್ರಕಾರ ಗಮನಿಸುತ್ತಿದ್ದೆ. ಒಣಗಿದ ಮರಗಳ ತುದಿಗಳು ನೀರಿನಿಂದ ಮೇಲೆ ಚಾಚಿಕೊಂಡಿದ್ದ ಕಡೆ ಬಾಯಮ್ಮ, "ಇಲ್ಲೇ ನಿಲ್ಸಿ ಅಣ್ಣ" ಎಂದಳು. ಅಂಬಿಗ ಹುಟ್ಟು ಎತ್ತಿದ. ನೀರು ಕದಡದೆ ನಿಂತಿತ್ತು.

ಬಾಯಮ್ಮನ ತೊಡೆಯ ಮೇಲಿದ್ದ ಸುಮಾ ಕೇಳಿದಳು: "ಇಲ್ಲಿ ಎಂತ ಇದೆ ಬಾಯಮ್ಮ?"

"ನನ್ನ ಮಗಳಿದ್ದಾಳೆ ಪುಟ್ಟೀ. ಎಲಿಜಾ ಅಂತ."

"ನೀರೊಳಗಾ? ಅವಳಿಗೆ ಚಳಿ ಆಗಲ್ವಾ?"

ಸಾವಿತ್ರಿ ಸೆರಗನ್ನು ಬಾಯಿಗೊತ್ತಿಕೊಂಡಳು. ಪಾಸ್ಕಲ್ ಬೇರೆ ಕಡೆಗೆ ಮುಖ ತಿರುಗಿಸಿದ. ಬಾಯಮ್ಮ ಮಾತ್ರ ನೀರನ್ನೇ ನೋಡುತ್ತ, ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಆಗೋದಿಲ್ಲ ಪುಟ್ಟೀ. ನೀನು ನನ್ನ ತೊಡೆ ಮೇಲೆ ಕೂತಿದ್ದೀಯಲ್ಲ, ಹಾಗೇ ಅವಳು ದೇವ್ರ ತೊಡೆ ಮೇಲಿದ್ದಾಳೆ."

ಸುಮಾ ಸ್ವಲ್ಪ ಯೋಚಿಸಿ, ಸರಿ ಎಂಬಂತೆ ತಲೆಯಾಡಿಸಿದಳು. ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಅಂಬಿಗನ ಕಡೆ ತಿರುಗಿದಳು.

"ಹೋಗುವ ಅಣ್ಣ. ಸಂಜೆಗೆ ಹಿಟ್ಟು ನಾದ್ಬೇಕು."