ಬಳೆ ಅಂಗಡಿಯ ಶಟರ್

ನನ್ನ ಎಡಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ಹೊರಳುವುದಿಲ್ಲ. ಮುರಿದವನು ಶಿಕಾರಿಪುರದ ಒಬ್ಬ ಬಳೆ ವ್ಯಾಪಾರಿ. ಮುರಿಸಿದ್ದು ಮಾತ್ರ ನನ್ನದೇ ಬಾಯಿಂದ ಬಿದ್ದ ಒಂದು ಶಬ್ದ.

ಸೊರಬದಿಂದ ಸ್ಕೂಟರಿನಲ್ಲಿ ಹೋಗಿ ರಾತ್ರಿ ಬೀದಿಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ಅದೂ ಕಲರ್ ಫಿಲ್ಮಿನಲ್ಲಿ. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಅದರ ಶಟರನ್ನು ಎರಡು ಮೂರು ನಿಮಿಷ ತೆರೆದೇ ಇಟ್ಟರೆ ಬೀದಿಯ ಬೆಳಕೆಲ್ಲ ನಿಧಾನವಾಗಿ ಫಿಲ್ಮಿಗೆ ಇಳಿಯುತ್ತದೆ. ನಿಂತದ್ದು ಮೂಡುತ್ತದೆ, ಓಡಾಡುವವರು ಮೂಡುವುದಿಲ್ಲ. ಮನುಷ್ಯರ ಸಹವಾಸ ಅಷ್ಟಾಗಿ ಸೇರದ ನನಗೆ ಇದಕ್ಕಿಂತ ಒಳ್ಳೆಯ ಚಟ ಇನ್ನೇನಿದೆ?

ನನಗೆ ಏಟು ಬಿದ್ದ ವಾರ ಶಿಕಾರಿಪುರ ಪೇಟೆಯ ಒಂದು ಬೀದಿಯಲ್ಲಿ ರಸ್ತೆ ಅಗಲ ಮಾಡಲೆಂದು ಗೋಡೆಗಳಿಗೆ ಕೆಂಪು ಗುರುತು ಹಾಕಿದ್ದರು. ಬಳೆ ಅಂಗಡಿಯ ಗೋಡೆಯ ಮೇಲೂ ಒಂದಿತ್ತು. ಟ್ಯೂಬ್‌ಲೈಟಿನಡಿ ಹಸಿರು ಬಳೆ, ಪಕ್ಕದಲ್ಲೇ ಕೆಂಪು ಗುರುತು. ಚೆನ್ನಾಗಿ ಬರುತ್ತದೆ ಎಂದು ಎದುರು ಬದಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದೆ. ಮೂರು ಕಾಲಿನ ಯಂತ್ರವನ್ನು ಆ ಬೀದಿಯವರು ಅದೇ ವಾರ ಸರ್ವೆಯವರ ಕೈಯಲ್ಲಿ ಕಂಡಿದ್ದರು. ನನಗದು ಹೊಳೆಯಲಿಲ್ಲ.

ಅಂಗಡಿ ಮುಚ್ಚುವ ಹೊತ್ತು. ಬಳೆಗಾರ ತನ್ನ ಅಂಗಡಿಯ ಶಟರ್ ಎಳೆಯುವ ಉದ್ದನೆಯ ಕಬ್ಬಿಣದ ಕೊಕ್ಕೆ ಹಿಡಿದು ಹೊರಬಂದ, ನನ್ನನ್ನು ಕಂಡ, ಬೀದಿ ದಾಟಿದ.

“ಏಯ್, ರಾತ್ರಿ ಕದ್ದು ಅಳತಿ ಮಾಡಾಕೆ ಬಂದೀಯೇನಲೇ?”

ನಾನು ವಾಚು ನೋಡುತ್ತ ಸೆಕೆಂಡು ಎಣಿಸುತ್ತಿದ್ದೆ. ತಲೆ ಎತ್ತದೆ ಹೇಳಿದೆ: “ತಡೀರಿ ಮಾರಾಯ್ರೇ, ಇನ್ನೊಂದೇ ನಿಮಿಷ. ಶಟರ್ ಮುಚ್ಚಿಬಿಡ್ತೀನಿ.”

“ನಮ್ಮಪ್ಪ ಹಾಕಿದ್ ಅಂಗಡಿ ಶಟರ್ ನೀ ಮುಚ್ಚತೀಯೇನಲೇ?”

ಮೊದಲ ಏಟು ಭುಜಕ್ಕೆ. ಎರಡನೆಯದು ಮಣಿಕಟ್ಟಿಗೆ. ಒಣಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ನೆಲಕ್ಕೆ ಬೀಳುವಾಗ ಬಲಗೈಯಲ್ಲಿ ಅಷ್ಟು ಹೊತ್ತೂ ಒತ್ತಿ ಹಿಡಿದಿದ್ದ ಕ್ಯಾಮೆರಾದ ವೈರಿನ ಗುಂಡಿಯಿಂದ ಹೆಬ್ಬೆರಳು ಜಾರಿ ಅದರ ಶಟರ್ ಮುಚ್ಚಿಕೊಂಡಿತು. ಆಮೇಲೆ ಅಕ್ಕಪಕ್ಕದವರೂ ಸೇರಿದರು. ಬೆನ್ನು, ಪಕ್ಕೆ, ಬಾಯಿ, ಯಾವುದನ್ನೂ ಬಿಡಲಿಲ್ಲ. ಕ್ಯಾಮೆರಾವನ್ನೂ ಒದ್ದರು. ಯಾರೋ ಒಬ್ಬ ಅದನ್ನು ಎತ್ತಿ ನೋಡಿ, “ಏ ಬಿಡ್ರೋ, ಇದು ಫೋಟೋ ತಗಿಯೋದು” ಎನ್ನುವಷ್ಟರಲ್ಲಿ ನನ್ನ ಎರಡು ಹಲ್ಲು ರಸ್ತೆಯ ಪಾಲಾಗಿದ್ದವು.

ಲೆನ್ಸ್ ಚೂರಾಗಿತ್ತು, ಫಿಲ್ಮ್ ಉಳಿದಿತ್ತು. ತೊಳೆಸಿ ನೋಡಿದರೆ ಅಂಗಡಿ ಒಂದೊಂದು ಬಳೆ ಸಮೇತ ಮೂಡಿದೆ. ಕೊಕ್ಕೆ ಹಿಡಿದು ಬೀದಿ ದಾಟಿ ಬಂದವನ ನೆರಳೂ ಇಲ್ಲ. ಉಳಿದ ಹಲ್ಲುಗಳನ್ನು ಕಡಿದೆ. ಕೇಸು ಹಾಕಲಿಲ್ಲ, ಅವನನ್ನು ನಾನೇ ಬಡಿಯಬೇಕಿತ್ತು. ತಿಂಗಳುಗಟ್ಟಲೆ ಮಲಗುವ ಮೊದಲು ಮನಸ್ಸಿನಲ್ಲೇ ಅದೇ ಕೊಕ್ಕೆಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಜಜ್ಜಿದೆ.

ಮಳೆಗಾಲ ಕಳೆದ ಮೇಲೆ ಆ ಬೀದಿಗೆ ಜೆಸಿಬಿ ಬಂತು. ಬಳೆ ಅಂಗಡಿ ಪೂರ್ತಿ ಹೋಯಿತೆಂದು ಕೇಳಿ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ? ಹದಿನೈದು ದಿನಕ್ಕೆ ಬಳೆಗಾರನೇ ಅವರಿವರನ್ನು ಕೇಳಿ ಮನೆ ಹುಡುಕಿಕೊಂಡು ಸೊರಬಕ್ಕೆ ಬಂದು ನಮ್ಮ ಜಗಲಿಯಲ್ಲಿ ಕೂತ.

“ಆವತ್ತು ತಗದಿದ್ರಲ್ರೀ, ಆ ಫೋಟೋ ಐತೇನ್ರೀ? ನಮ್ ಮೊಬೈಲ್‌ನಾಗೆ ಒಡದ ಮ್ಯಾಲಿನವು ಬೇಕಾದಷ್ಟು ಅದಾವು. ನಿಂತಿದ್ದು ಒಂದೂ ಇಲ್ಲ. ದಿನಾ ನೋಡೋ ಅಂಗಡೀನ ಯಾರು ತಗೀತಾರ್ರೀ?”

ಅವನು ಒರಗಿದ್ದ ಗೋಡೆಯ ಒಳಮಗ್ಗುಲಲ್ಲೇ ಆ ಫೋಟೋ ತೂಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಎಡಗೈ ತೆಗೆದುಕೊಂಡ. ಬಳೆ ಏರಿಸುವ ಮುಂಚೆ ಹೆಂಗಸರ ಕೈಯನ್ನು ಹಿಸುಕಿ ಮೆತ್ತಗೆ ಮಾಡುವ ಹಾಗೆ, ಒಂದಿಷ್ಟೂ ನೋಯಿಸದೆ, ಮಣಿಕಟ್ಟಿನ ಸುತ್ತ ಬೆರಳಾಡಿಸಿದ.

“ಎಲುಬು ಸರಿಯಾಗಿ ಕೂಡಿಲ್ರೀ,” ಎಂದ. ಅವನ ಕಣ್ಣು ತುಂಬಿತ್ತು.

ಕೈ ಕಿತ್ತುಕೊಂಡೆ. “ಇಲ್ಲ. ನೀವೇ ಒದ್ದು ಹಾಳು ಮಾಡಿದ್ರಿ. ಏನೂ ಬರ್ಲಿಲ್ಲ.”

ಅವನು ತನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. ಆಮೇಲೆ ಆ ಕೈಗಳಿಂದಲೇ ತನ್ನ ಕೆನ್ನೆಗೆ ಹೊಡೆದುಕೊಳ್ಳತೊಡಗಿದ, ಬಿಡದೆ, ಜೋರಾಗಿ. ಒಳಗೆ ಹೋಗಿ ಫೋಟೋ ತರಲು ನನಗೆ ನಾಲ್ಕು ಹೆಜ್ಜೆ ಸಾಕಿತ್ತು. ಹೋಗಲಿಲ್ಲ. ಅಭ್ಯಾಸಬಲದಿಂದ ಸೆಕೆಂಡು ಎಣಿಸುತ್ತ ನಿಂತಿದ್ದೆ.