ಶೀಘ್ರದಲ್ಲೇ ಪ್ರಾರಂಭ

ಆ ವರ್ಷ ನಾನು ಬರೆದುಕೊಟ್ಟ ಎರಡು ಬೋರ್ಡುಗಳಲ್ಲಿ ಸುಳ್ಳೇನೂ ಇರಲಿಲ್ಲ. ಈಗ ಯೋಚಿಸಿದರೂ ಹಾಗೇ ಅನ್ನಿಸುತ್ತದೆ. ಆದರೂ ಅವುಗಳಿಂದಾಗಿ ನನ್ನ ಅತ್ತೆಯ ಹೊಲಿಗೆ ಕ್ಲಾಸು ಒಂದೇ ತಿಂಗಳಲ್ಲಿ ಇಲ್ಲವಾಗುವುದರಲ್ಲಿತ್ತು.

ಅತ್ತೆ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ವರಾಂಡದಲ್ಲಿ ಮೂರು ಮಿಷನ್ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದರು. ಹೊಸಬರು ಬಂದರೆ ಮೊದಲ ವಾರ ಬಟ್ಟೆ ಕೊಡುತ್ತಿರಲಿಲ್ಲ. ಹಳೇ ದಿನಪತ್ರಿಕೆಯ ಮೇಲೆ, ದಾರವಿಲ್ಲದೆ, ಬರೀ ಸೂಜಿಯಿಂದ ನೇರವಾದ ಗೆರೆ ಹಾಕಿಸುತ್ತಿದ್ದರು. ನಾನು ಅಕ್ಷರ ಕಲಿತದ್ದು ಹಾಗೆ ಸಾಲುಸಾಲು ತೂತು ಬಿದ್ದ ಪತ್ರಿಕೆಗಳಿಂದ.

ಈ ಕ್ಲಾಸು ಯಾವಾಗ ಆರಂಭವಾಯಿತು ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಎದುರುಮನೆಯ ಮಗುವಿಗೆ ಫ್ರಾಕ್ ಹೊಲಿದುಕೊಟ್ಟಾಗ ಎನ್ನುವುದು ಅಜ್ಜಿಯ ಲೆಕ್ಕ. ತಾವು ಎರಡನೆಯ ಮಿಷನ್ ತಂದ ದಿನದಿಂದ ಎನ್ನುವುದು ಅಪ್ಪನದು. ಅತ್ತೆಯನ್ನು ಕೇಳಿದರೆ, “ನೆನಪಿಲ್ಲ, ಹಾಗೇ ಆಗ್ಹೋಯ್ತು” ಎನ್ನುತ್ತಿದ್ದರು. ಕ್ಲಾಸಿಗೆ ಹೆಸರಿರಲಿಲ್ಲ, ಬೋರ್ಡೂ ಇರಲಿಲ್ಲ. ನೆಂಟರು ಬಂದರೆ ಪಾಠ ನಿಲ್ಲುತ್ತಿತ್ತು. ಮನೆಯಲ್ಲಿ ಪೂಜೆಯಿದ್ದರೆ ಮಿಷನ್‌ಗಳು ಗೋಡೆಗೆ ಒತ್ತಿಕೊಳ್ಳುತ್ತಿದ್ದವು.

ಹಾಗಾಗಿ ಅತ್ತೆ ಶಂಕರಪುರಂನಲ್ಲಿ ರಸ್ತೆಗೆ ಬಾಗಿಲಿರುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಾಗ ಎಲ್ಲರಿಗೂ ಆಶ್ಚರ್ಯ. ಮೊದಲು ಅಲ್ಲೊಂದು ಜೆರಾಕ್ಸ್ ಅಂಗಡಿ ಇತ್ತಂತೆ. ಅತ್ತೆ ತಾವಾಗಿ ಏನನ್ನಾದರೂ ಬೇಕೆಂದದ್ದು ನನಗೆ ತಿಳಿದಂತೆ ಅದೇ ಮೊದಲು. ಆಗ ಅವರ ಬಳಿ ಕಲಿಯುತ್ತಿದ್ದವರು ಒಂಬತ್ತು ಜನ. ಆ ಒಂಬತ್ತು ಜನರನ್ನು ನಂಬಿಯೇ ಕೋಣೆ ಹಿಡಿದದ್ದು.

ಕೋಣೆ ಸಿಕ್ಕಿದ್ದು ಜ್ಯೇಷ್ಠದ ಕೊನೆಯಲ್ಲಿ. ವಾರ ಕಳೆದರೆ ಆಷಾಢ.

“ಆಷಾಢದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರೇನೇ?” ಎಂದರು ಅಜ್ಜಿ.

“ಹಾಗಾದ್ರೆ ಶ್ರಾವಣದ ತನಕ ಖಾಲಿ ಇಟ್ಕೊಂಡು ಕೂತ್ಕೊಳ್ಳೋದಾ?” ಎಂದರು ಅತ್ತೆ.

ಅದಕ್ಕೆ ಅಜ್ಜಿಯ ಬಳಿ ಉಪಾಯವಿತ್ತು. ಆಷಾಢ ಹುಟ್ಟುವ ಮೊದಲೇ ಒಳ್ಳೆಯ ದಿನ ನೋಡಿ ಮಿಷನ್‌ಗಳನ್ನು ಅಲ್ಲಿಗೆ ಸಾಗಿಸುವುದು, ಹಾಲು ಉಕ್ಕಿಸಿ ಪೂಜೆ ಮಾಡುವುದು, ಹೊಸ ಬಟ್ಟೆಯ ಮೇಲೆ ಒಂದು ಸಾಲು ಹೊಲಿಗೆ ಹಾಕಿ ಬೀಗ ಹಾಕಿಬಿಡುವುದು. ಮತ್ತೆ ಬಾಗಿಲು ತೆಗೆಯುವುದು ಶ್ರಾವಣದಲ್ಲಿ. “ಶುರು ಮಾಡಿದ ಹಾಗೂ ಆಯ್ತು, ಆಷಾಢದಲ್ಲಿ ಮಾಡಿದ ಹಾಗೂ ಆಗ್ಲಿಲ್ಲ” ಎಂದರು. ಒಮ್ಮೆ ಪೂಜೆ ಮಾಡಿಟ್ಟ ಸಾಮಾನನ್ನು ನಡುವೆ ಮುಟ್ಟಬಾರದು ಎಂಬುದನ್ನೂ ಸೇರಿಸಿದರು. ಇದು ಶಾಸ್ತ್ರದಲ್ಲಿ ಇದೆಯೋ ಅಜ್ಜಿಯೇ ಮಾಡಿದ್ದೋ ನನಗೆ ತಿಳಿಯದು. ಆಗ ನನಗೂ ಅದು ಸರಿ ಎಂದೇ ತೋರಿತ್ತು. ಆಮೇಲೆ ಎಲ್ಲ ತಪ್ಪನ್ನೂ ಅಜ್ಜಿಯ ಮೇಲೆ ಹಾಕುವ ಆಸೆ ನನಗಾದದ್ದರಿಂದ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಪೂಜೆಯ ದಿನ ಬೆಳಿಗ್ಗೆ ಟೆಂಪೊ ಬಂತು. ಅತ್ತೆ ಕೆಂಪು ರವಿಕೆ ಕಣದ ಮೇಲೆ ಒಂದು ಗೇಣು ಹೊಲಿಗೆ ಹಾಕಿದರು. ಅಪ್ಪ ಶಟರ್ ಎಳೆದರು. ಮನೆಗೆ ಬಂದ ಮೇಲೆ ಅತ್ತೆ ನನಗೆ ಎರಡು ಬಿಳಿ ಹಲಗೆ ಕೊಟ್ಟು, “ನೀನು ಕನ್ನಡ ಎಂ.ಎ. ಮಾಡಿದೋಳು. ಇಲ್ಲಿಗೊಂದು, ಅಲ್ಲಿಗೊಂದು ಬೋರ್ಡ್ ಬರ್ಕೊಡು” ಎಂದರು.

ನಾನು ಅರ್ಧ ದಿನ ಕೂತೆ. ಸ್ಥಾಪನೆ ಎಂದರೆ ಬ್ಯಾಂಕು, ಮಠ ನೆನಪಾಗುತ್ತಿತ್ತು. ಉದ್ಘಾಟನೆಗೆ ಮುಖ್ಯ ಅತಿಥಿ ಬೇಕು. ಶುಭಾರಂಭ ಸಿಹಿತಿಂಡಿ ಅಂಗಡಿಯವರ ಮಾತು. ಶುರು ಎಂಬುದು ಬಾಯಲ್ಲಿ ಸಲೀಸು, ಬೋರ್ಡಿನ ಮೇಲೆ ಯಾಕೋ ಬರಿಗಾಲಲ್ಲಿ ನಿಂತಂತೆ ಕಾಣುತ್ತಿತ್ತು. ಎಷ್ಟೋ ಹಾಳೆ ಹರಿದ ಮೇಲೆ ಮನೆಯ ಗೇಟಿಗೆ “ಹೊಲಿಗೆ ತರಗತಿ ಶಂಕರಪುರಂಗೆ ಸ್ಥಳಾಂತರಗೊಂಡಿದೆ” ಎಂದು ಬರೆದು ಕೆಳಗೆ ವಿಳಾಸ ಕೊಟ್ಟೆ. ಅಲ್ಲಿನ ಶಟರಿಗೆ “ಹೊಲಿಗೆ ತರಗತಿ ಶೀಘ್ರದಲ್ಲೇ ಪ್ರಾರಂಭ.” ಒಂದೊಂದನ್ನೂ ಬೇರೆಬೇರೆಯಾಗಿ ತೂಗಿ ನೋಡಿದ್ದೆ. ಒಬ್ಬರೇ ಎರಡನ್ನೂ ಒಂದೇ ಬೆಳಿಗ್ಗೆ ಓದಬಹುದು ಎಂದು ಹೊಳೆದಿರಲಿಲ್ಲ.

ಅತ್ತೆ ಕೊನೆಯ ದಿನ ಬಂದ ನಾಲ್ಕು ಜನರಿಗೆ “ಇನ್ನು ಹೊಸ ಜಾಗದಲ್ಲಿ ಸಿಗೋಣ” ಎಂದಿದ್ದರು. ಯಾವಾಗ ಎಂದು ಹೇಳಿರಲಿಲ್ಲ. ಶ್ರಾವಣದ ದಿನವನ್ನು ಪುರೋಹಿತರು ಇನ್ನೂ ತಿಳಿಸಿರಲಿಲ್ಲ.

ಎರಡನೆಯ ವಾರ ಕಾಟನ್‌ಪೇಟೆಯಿಂದ ಬರುತ್ತಿದ್ದ ಒಬ್ಬಾಕೆ ಮನೆಯ ಗೇಟು ತಳ್ಳಿಕೊಂಡು ಬಂದಳು. ಅವಳ ಗಂಡನ ಮನೆಯವರಿಗೆ ಬಟ್ಟೆಯ ಸಗಟು ಅಂಗಡಿ. ಕೊಡೆ ಮಡಚುವುದಕ್ಕೂ ನಿಲ್ಲಲಿಲ್ಲ.

“ಏನ್ ಮಿಸ್ ಇದು? ಇಲ್ಲಿ ಬಂದ್ರೆ ಅಲ್ಲಿಗೆ ಹೋಗಿದೆ ಅಂತೀರ. ಅಲ್ಲಿಗೆ ಹೋದ್ರೆ ಇನ್ನೂ ಶುರುವೇ ಆಗಿಲ್ಲ ಅಂತೀರ. ಕ್ಲಾಸು ಇದೆಯೋ ಇಲ್ವೋ?”

“ಇದೆ ಕಣಮ್ಮ.”

“ಎಲ್ಲಿದೆ?”

ಅತ್ತೆ ನನ್ನ ಮುಖ ನೋಡಿದರು. ನಾನು, “ಆಷಾಢ ಕಳೆದ ಮೇಲೆ...” ಎಂದೆ.

“ಯಾಕೆ, ಆಷಾಢದಲ್ಲಿ ಯಾರೂ ರವಿಕೆ ಹಾಕ್ಕೊಳಲ್ವಾ?” ಎಂದು ಅವಳು ನಕ್ಕಳು. ನಗು ನಿಲ್ಲಿಸಿ ಹೇಳಿದ್ದು ಬೇರೆ. ಅವಳ ಜೊತೆಯಲ್ಲಿ ಕಲಿಯುತ್ತಿದ್ದ ಇಬ್ಬರು ಬಸವನಗುಡಿಯ ಇನ್ನೊಂದು ಕ್ಲಾಸಿಗೆ ಸೇರಿದ್ದರು. ಶಟರಿನ ಮೇಲಿನ ಬೋರ್ಡು ನೋಡಿ ಅದು ಬೇರೆ ಯಾರದೋ ಎಂದುಕೊಂಡರಂತೆ. “ಈಗ ತಾನೆ ಶುರುವಾಗ್ತಿರೋ ಕ್ಲಾಸು, ಹೇಗ್ ಹೇಳ್ಕೊಡ್ತಾರೋ ಏನೋ ಅಂದ್ರು ಮಿಸ್. ನಾನೂ ಸರಿಯಾಗಿ ಗೊತ್ತಿಲ್ದೆ ಸುಮ್ನಾದೆ.”

ಅತ್ತೆ ಅವಳಿಗೆ ಕಾಫಿ ತರಲು ಒಳಗೆ ಹೋದರು.

ಉಳಿದವರಿಗೆ ಫೋನ್ ಮಾಡಿ ಹೇಳೋಣವೆಂದರೆ ನಂಬರ್ ಬರೆದಿಟ್ಟ ಪುಸ್ತಕ ದೊಡ್ಡ ಮಿಷನ್ನಿನ ಡ್ರಾಯರಿನಲ್ಲಿತ್ತು. ಮಿಷನ್ ಬೀಗದೊಳಗಿತ್ತು. ಬೀಗದ ಕೈ ದೇವರ ಗೂಡಿನಲ್ಲಿತ್ತು, ಅದರ ಮುಂದೆ ಅಜ್ಜಿ ಇದ್ದರು. ಶಟರಿನ ಬೋರ್ಡನ್ನಾದರೂ ಬದಲಿಸೋಣವೆಂದು ನಾನು ಇನ್ನೊಂದು ಹಲಗೆ ತಂದು ಕೂತೆ. “ಶ್ರಾವಣದಲ್ಲಿ ಪುನರಾರಂಭ” ಎಂದು ಬರೆದೆ. ಹಾಗೆಂದರೆ ನಡುವೆ ನಿಂತಿತ್ತು ಎಂದಾಯಿತು. ನಿಂತಿತ್ತೇ? “ಮುಂದುವರಿಯಲಿದೆ” ಎಂದು ಬರೆದೆ. ಆದರೆ ಈಗ ನಡೆಯುತ್ತಿಲ್ಲವಲ್ಲ. ಇಪ್ಪತ್ತೆರಡು ವರ್ಷ ನಡೆದದ್ದಕ್ಕೆ ಈಗ ಒಂದು ಆರಂಭ ಬೇಕಾಗಿತ್ತು, ಆರಂಭವಾದರೆ ಆ ಇಪ್ಪತ್ತೆರಡು ವರ್ಷ ಎಲ್ಲಿಗೆ ಹೋಗಬೇಕು ಎಂದು ನನಗೆ ತಿಳಿಯಲಿಲ್ಲ. ಹಲಗೆಯನ್ನು ಒರೆಸಿ ಒರೆಸಿ ಬಣ್ಣ ಕದಡಿತು. ಬರೆಯದೇ ಬಿಟ್ಟೆ.

ಹಾಗೆ ಇನ್ನೂ ನಾಲ್ಕಾರು ದಿನ ಕಳೆದವು. ಅತ್ತೆ ಖಾಲಿ ವರಾಂಡದಲ್ಲಿ ಅಯಸ್ಕಾಂತ ಹಿಡಿದು ನೆಲದ ಸಂದುಗಳಿಂದ ಹಳೇ ಗುಂಡುಪಿನ್ನುಗಳನ್ನು ಎತ್ತುತ್ತಿದ್ದರು. ಒಂದು ಸಂಜೆ ಎಷ್ಟು ಜನ ಉಳಿದಿರಬಹುದು ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. “ನಂಗೂ ಗೊತ್ತಾಗ್ತಿಲ್ಲ. ಯಾರೂ ಇಲ್ದಿದ್ರೆ ಶ್ರಾವಣದಲ್ಲಿ ಏನನ್ನ ತೆಗೆಯೋದು?” ಎಂದರು.

ಮರುದಿನ ಮಂಗಳವಾರ. ಅತ್ತೆ ಸ್ನಾನ ಮುಗಿಸಿ ದೇವರ ಗೂಡಿಗೆ ಕೈಹಾಕಿ ಬೀಗದ ಕೈ ತೆಗೆದುಕೊಂಡರು. ಅಜ್ಜಿ ಹೂ ಕಟ್ಟುತ್ತಿದ್ದವರು ತಲೆ ಎತ್ತಿದರು.

“ಎಲ್ಲಿಗೆ?”

“ಕ್ಲಾಸಿಗೆ.”

“ಆಷಾಢ. ಅದರಲ್ಲೂ ಮಂಗಳವಾರ. ಯಾರಾದ್ರೂ ಕೇಳಿದ್ರೆ ನಗ್ತಾರೆ. ಹೊಸ ಜಾಗ...”

“ಹೊಸದು ಆಗ್ಲೇ ಶುರುವಾಯ್ತಲ್ಲಮ್ಮ. ನೀನೇ ಮಾಡ್ಸಿದ್ದು.”

“ಶುರು ಮಾಡಿ ಮುಚ್ಚಿದೀವಿ.”

“ಮುಚ್ಚಿದ್ದನ್ನ ತೆಗೀತೀನಿ. ಮನೆ ಬಾಗಿಲು ದಿನಾ ತೆಗೀತೀವಿ, ಅದಕ್ಕೂ ಪಂಚಾಂಗ ನೋಡ್ತೀಯಾ?”

ಅಜ್ಜಿ ಹೂವಿನ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, “ಒಂಬತ್ತರೊಳಗೆ ಹೋಗು. ಬಲಗಾಲಿಟ್ಟು ಹೋಗು” ಎಂದರು. ಅದು ಒಪ್ಪಿಗೆಯೋ ಸೋಲೋ, ಅವರ ಮುಖ ನೋಡಿ ಹೇಳಲಾಗುತ್ತಿರಲಿಲ್ಲ.

ನಾನೂ ಜೊತೆಗೆ ಹೋದೆ. ಶಟರ್ ಎತ್ತುವ ಮೊದಲೇ ಅತ್ತೆ ನನ್ನ ಬೋರ್ಡನ್ನು ಬಿಚ್ಚಿಕೊಂಡರು, ಒಳಗೆ ಹೋಗಿ ಅದನ್ನು ಗೋಡೆಗೆ ತಿರುಗಿಸಿಟ್ಟರು. ಡ್ರಾಯರಿನಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟರು. ಫೋನಿನಲ್ಲಿ ಏನು ಹೇಳಬೇಕೆಂದು ನಾನು ಮೊದಲು ಚೀಟಿಯ ಮೇಲೆ ಬರೆದುಕೊಳ್ಳಲು ಹೊರಟೆ. ಅತ್ತೆ ಪೆನ್ನು ಕಿತ್ತುಕೊಂಡು, “ನಾಳೆ ಹತ್ತೂವರೆಗೆ ಬನ್ನಿ ಅನ್ನು. ಸಾಕು” ಎಂದರು. ಏಳು ಕರೆಯಲ್ಲೂ ಅಷ್ಟೇ ಹೇಳಿದೆ. ಒಬ್ಬರ ಗಂಡ ಫೋನ್ ತೆಗೆದು, “ಯಾವ ಕ್ಲಾಸು?” ಎಂದರು. “ಅವರಿಗೆ ಗೊತ್ತು” ಎಂದೆ.

ಮರುದಿನ ಆರು ಜನ ಬಂದರು. ಬಸವನಗುಡಿಗೆ ಹೋದ ಇಬ್ಬರಿಗೂ ಅತ್ತೆ ಖುದ್ದಾಗಿ ಫೋನ್ ಮಾಡಿದ್ದರು. ಅವರು ಬರಲಿಲ್ಲ. ಒಂಬತ್ತನೆಯವಳು ಯಾಕೆ ಬರಲಿಲ್ಲ ಎಂಬುದು ಗೊತ್ತಾಗಲೇ ಇಲ್ಲ. ಬೋರ್ಡು ಓದಿ ಹಿಂದೆ ಹೋದಳೋ, ಅವಳಿಗೆ ಹೊಲಿಗೆಯೇ ಬೇಡವಾಯಿತೋ. ಕೇಳಿಕೊಂಡು ಹೋಗುವುದು ನನ್ನ ಸ್ವಭಾವವಲ್ಲ.

ಶ್ರಾವಣದಲ್ಲಿ ಪುರೋಹಿತರು ಹೇಳಿದ ದಿನ ಅಪ್ಪ ಕಾರ್ಡು ಹಂಚಿ ನೆಂಟರನ್ನೆಲ್ಲ ಕರೆದರು. ಕಾರ್ಡಿನಲ್ಲಿ ಪ್ರಾರಂಭೋತ್ಸವ ಎಂದಿತ್ತು. ದೊಡ್ಡಪ್ಪ ಬಾಗಿಲಲ್ಲಿ ಟೇಪು ಕತ್ತರಿಸುವಾಗ ಒಳಗೆ ಮೂರೂ ಮಿಷನ್ ಓಡುತ್ತಿದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಗಿಸಬೇಕಾದ ರವಿಕೆಗಳಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಯಾವುದಕ್ಕೆ ಎಂದು ಸ್ಪಷ್ಟವಿಲ್ಲದೆ.

ನೆಂಟರು ಹೋದ ಮೇಲೆ ಬೀರು ಜೋಡಿಸುತ್ತಿದ್ದಾಗ ಒಂದು ಕವರಿನಲ್ಲಿ ಮಗುವಿನ ಹಳದಿ ಫ್ರಾಕು ಸಿಕ್ಕಿತು. ಒಂದು ತೋಳು ಕೂಡಿಸಿತ್ತು, ಇನ್ನೊಂದು ಕತ್ತರಿಸಿದ್ದಷ್ಟೇ. ಆ ಒಂಬತ್ತನೆಯವಳದು. ಅರ್ಧ ಗಂಟೆಯ ಕೆಲಸ, ಮುಗಿಸಿ ಮನೆಗೆ ಕಳಿಸಿಬಿಡೋಣವೇ ಎಂದು ಕೇಳಿದೆ.

“ಬೇಡ. ಅವಳು ಶುರು ಮಾಡಿದ್ದು, ಹಾಗೇ ಇರ್ಲಿ.”

“ಬರ್ತಾರಾ ಅತ್ತೆ?”

“ನಂಗೇನ್ ಗೊತ್ತು?” ಎಂದು ಅವರು ಕವರನ್ನು ಮಡಚಿ ಬೀರುವಿನ ಕೆಳಗಿನ ಅರೆಯಲ್ಲಿ, ಕೈಗೆ ಸುಲಭವಾಗಿ ಸಿಗುವಂತೆ ಮುಂದುಗಡೆಯೇ ಇಟ್ಟರು.